ಶಂಕೆಯ ಏಳು ಸೆಕೆಂಡು

ತಂದೆತಾಯಿ ಇಟ್ಟ ಹೆಸರು ಶಂಕರ. ನಾವು ಸ್ವಲ್ಪ ತಿದ್ದಿ ಶಂಕೆ ಎಂದು ಕರೆಯುತ್ತೇವೆ. ಮತಯಂತ್ರದ ಮಾತು ಬಂದರೆ ಸಾಕು, ಅವನ ಹುಬ್ಬು ಹಣೆ ಹತ್ತುತ್ತದೆ.

"ಎಲ್ಲೋ ಕುಳಿತವನು ಮೊಬೈಲಿನಿಂದ ಮತ ತಿರುಗಿಸಿಬಿಟ್ಟರೆ?" ಎಂದ.

"ಯಂತ್ರಕ್ಕೆ ಇಂಟರ್ನೆಟ್ ಇಲ್ಲ, ಬ್ಲೂಟೂತೂ ಇಲ್ಲ. ಫೋನು ಮಾಡಿದರೂ ಎತ್ತುವವರಿಲ್ಲ" ಎಂದರು ಲೆಕ್ಕದ ಮೇಷ್ಟರು.

"ಕಳ್ಳ ಹೊರಗಿಲ್ಲ, ಒಳಗಿನ ಚಿಪ್‌ನಲ್ಲೇ ಕುಳಿತಿದ್ದಾನೆ ಎನ್ನೋಣ."

ಇದು ಮಾತ್ರ ತೂಕದ ಪ್ರಶ್ನೆ. ಹಾಕಿದ ಮತದ ಚಿಹ್ನೆಯನ್ನು ಚೀಟಿಯಲ್ಲಿ ಅಚ್ಚುಮಾಡಿ ತೋರಿಸುವ ವಿವಿಪ್ಯಾಟ್ ಯಂತ್ರ ಬಂದದ್ದೇ ಇದಕ್ಕಾಗಿ. 2013ರಲ್ಲಿ ನಾಗಾಲ್ಯಾಂಡಿನ ನೊಕ್ಸೆನ್ ಉಪಚುನಾವಣೆಯಲ್ಲಿ ಅದರ ಮೊದಲ ಬಳಕೆ. ಗುಂಡಿ ಒತ್ತಿದೊಡನೆ ಗಾಜಿನ ಹಿಂದೆ ಚೀಟಿಯೊಂದು 7 ಸೆಕೆಂಡು ನಿಂತು ಪೆಟ್ಟಿಗೆಗೆ ಬೀಳುತ್ತದೆ.

"7 ಸೆಕೆಂಡು! ನನ್ನ ಕನ್ನಡಕ ಜೇಬಿನಿಂದ ಹೊರಬರುವುದಕ್ಕೇ 10 ಬೇಕು."

"ಹಾಕಿಕೊಂಡೇ ಒಳಗೆ ಹೋಗಬಾರದೇನಯ್ಯಾ?"

"ಕನ್ನಡಕದ ಗಾಜಿನಲ್ಲಿ ಚಿಹ್ನೆಯ ಬಿಂಬ ಬಿದ್ದು ಏಜೆಂಟರಿಗೆ ಕಂಡುಬಿಟ್ಟರೆ?"

ಮೇಷ್ಟರು ಉಸಿರು ಬಿಟ್ಟರು. "ಚೀಟಿಯಲ್ಲಿ ಬೇರೆ ಚಿಹ್ನೆ ಬಂದರೆ ಅಲ್ಲೇ ಲಿಖಿತ ದೂರು ಕೊಡು. ಅಧಿಕಾರಿ ಎಲ್ಲರೆದುರು ಪರೀಕ್ಷಾ ಮತ ಹಾಕಿಸುತ್ತಾರೆ. ದೂರು ಸುಳ್ಳಾದರೆ ಶಿಕ್ಷೆಯೂ ಉಂಟು."

"ನೋಡಿದಿರಾ, ಕೊನೆಗೆ ಶಂಕೆ ನನ್ನ ಮೇಲೆಯೇ!"

ಮತದಾನಕ್ಕೆ ಮೊದಲು ಏಜೆಂಟರ ಮುಂದೆ ಕನಿಷ್ಠ 50 ಅಣಕು ಮತ ಹಾಕಿ ತಾಳೆ ನೋಡುತ್ತಾರೆಂದು ನಾನು ನೆನಪಿಸಿದೆ. "ಕಳ್ಳನಿಗೆ 50 ಎಣಿಸಲು ಬಾರದೇ?" ಎಂದು ಅವನು ತಳ್ಳಿಹಾಕಿದ. ನಿಜ ಹೇಳಬೇಕೆಂದರೆ ನನ್ನಲ್ಲಿ ಉತ್ತರವಿರಲಿಲ್ಲ. ಹಾಗಾಗಿ ಎಣಿಕೆಯತ್ತ ಹೊರಳಿದೆ. ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಲಾಟರಿ ಎತ್ತಿ 5 ಮತಗಟ್ಟೆಗಳ ಚೀಟಿಗಳನ್ನು ಯಂತ್ರದ ಲೆಕ್ಕದೊಡನೆ ಹೋಲಿಸುತ್ತಾರೆ. "ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಸಾಕಲ್ಲವೇ?"

"ಅದು ಒಂದೇ ಪಾತ್ರೆಯ ಅನ್ನಕ್ಕೆ. ಇಲ್ಲಿ ಒಂದೊಂದು ಮತಗಟ್ಟೆಯೂ ಒಂದೊಂದು ಪಾತ್ರೆ!"

ಮೇಷ್ಟರು ಕನ್ನಡಕ ತೆಗೆದು ಒರೆಸಿದರು. ಸೋಲೊಪ್ಪುವಾಗ ಅವರು ಹಾಗೆ ಮಾಡುತ್ತಾರೆ. "ಈ ಸಲ ನೀನು ಸರಿ. ಗೆಲುವು ಲಕ್ಷದ ಅಂತರದ್ದಾದರೆ ಕೆಲವು ಪಾತ್ರೆ ಸಾಕು. ನೂರರ ಅಂತರವಾದರೆ ಹೆಚ್ಚು ಪಾತ್ರೆಗಳ ಮುಚ್ಚಳ ತೆಗೆಯಲೇಬೇಕು. ಎಲ್ಲ ಕಡೆಗೂ ಒಂದೇ 5 ಎನ್ನುವುದು ಲೆಕ್ಕವಲ್ಲ, ರಾಜಿ."

"ಹಾಗಾದರೆ ಎಲ್ಲವನ್ನೂ ಎಣಿಸಲಿ."

"2024ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಸೋತವರಲ್ಲಿ ಮೊದಲಿಬ್ಬರು ಕೇಳಿದರೆ ಶೇಕಡಾ 5ರಷ್ಟು ಯಂತ್ರಗಳ ಚಿಪ್ ಪರೀಕ್ಷಿಸಿ ಎಂದಿತು."

ವಾದ ಮುಗಿಯುವಂತಿರಲಿಲ್ಲ. ಎಲ್ಲ ಚೀಟಿಗಳನ್ನೂ ಎಣಿಸಬೇಕೇ ಎಂದು ನಮ್ಮೊಳಗೇ ಕೈಯೆತ್ತಿ ತೀರ್ಮಾನಿಸೋಣ ಎಂದೆ. ಇದ್ದವರು ಮೂವರು, ಪರವಾಗಿ ಎದ್ದದ್ದು ನಾಲ್ಕು ಕೈ.

ಮರುಎಣಿಕೆ ಬೇಡವೆಂದು ಮೊದಲು ಹೇಳಿದವನು ಶಂಕೆ.