ನದಿದಂಡೆಯ ಊರಿಗೆ ಸೈರನ್ ಬೇಕೇ, ಮೊಬೈಲ್ ಎಚ್ಚರಿಕೆ ಸಾಕೇ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಅಣೆಕಟ್ಟೆಯ ಕೆಳಗಿನ ನದಿದಂಡೆಯ ಊರು. ಕಳೆದ ಮಳೆಗಾಲದಲ್ಲಿ ಗೇಟು ತೆರೆಯುವ ಮುನ್ನ ಸೈರನ್ ಕೂಗಿದಾಗ ಹೊಲದಲ್ಲಿದ್ದ ನಮ್ಮ ಮಾವನವರಿಗೆ ಅದು ಸಣ್ಣಗೆ ಕೇಳಿಸಿತು, ಅಡುಗೆಮನೆಯಲ್ಲಿ ಮಿಕ್ಸಿ ಹಾಕಿಕೊಂಡಿದ್ದ ನನಗೆ ಕೇಳಿಸಲೇ ಇಲ್ಲ. ಅವರು ದಂಡೆಗೆ ಓಡಿ ಪಂಪ್‌ಸೆಟ್ಟನ್ನು ಮೇಲಕ್ಕೆಳೆಯುವಷ್ಟರಲ್ಲಿ ನೀರು ಮೊಣಕಾಲು ಮುಟ್ಟಿತ್ತು. ಈಗ ಪಂಚಾಯಿತಿಯವರು ಊರಿಗೇ ಒಂದು ಸೈರನ್ ಹಾಕಿಸಬೇಕೆಂದಿದ್ದಾರೆ. ಮೊಬೈಲಿಗೇ ಎಚ್ಚರಿಕೆ ಬರುವ ಕಾಲದಲ್ಲಿ ಇದು ಅಗತ್ಯವೇ?

ಉತ್ತರ: ನಮಸ್ಕಾರ ಮೇಡಂ. ಅಗತ್ಯ ಎಂಬುದೇ ನನ್ನ ಅಭಿಪ್ರಾಯ. ಆದರೆ ಸೈರನ್ ಇರುವುದು ಬಯಲಿನಲ್ಲಿರುವವರಿಗಾಗಿ. ಗೋಡೆ, ಮುಚ್ಚಿದ ಕಿಟಕಿ, ಹೆಂಚಿನ ಮೇಲೆ ಸುರಿಯುವ ಮಳೆ ಇವೆಲ್ಲವನ್ನೂ ದಾಟಿ ಮನೆಯೊಳಗಿನವರನ್ನು ಎಬ್ಬಿಸುವ ಹೊಣೆಯನ್ನು ಅದರ ಮೇಲೆ ಹೊರಿಸಬಾರದು. ಮಾರುವವರು ಹೇಳುವ ಡೆಸಿಬೆಲ್ (ಸದ್ದಿನ ಮಟ್ಟದ ಅಳತೆ) ಸಾಮಾನ್ಯವಾಗಿ ಸೈರನ್‌ನಿಂದ 30 ಮೀಟರ್ ದೂರದಲ್ಲಿ ಅಳೆದದ್ದು. ದೂರ ಇಮ್ಮಡಿಯಾದಂತೆಲ್ಲ ಸುಮಾರು 10 ಡೆಸಿಬೆಲ್ ಇಳಿಯುತ್ತದೆ ಎಂದು ಲೆಕ್ಕ ಹಿಡಿದರೆ, ಅಲ್ಲಿ 120 ಇದ್ದದ್ದು ಒಂದು ಕಿಲೋಮೀಟರ್ ಸಮೀಪಿಸುವ ಹೊತ್ತಿಗೆ 70ಕ್ಕೆ ಬಂದಿರುತ್ತದೆ. ಗಾಳಿ ಎದುರಾಗಿ ಬೀಸಿದರೆ, ನಡುವೆ ದಿಣ್ಣೆಯೋ ತೆಂಗಿನ ತೋಟವೋ ಇದ್ದರೆ ಇನ್ನೂ ಕಡಿಮೆ. ಆದ್ದರಿಂದ ಹಣ ಕೊಡುವ ಮುನ್ನ ಒಮ್ಮೆ ಕೂಗಿಸಿ ನೋಡಿ. ಬಟ್ಟೆ ಒಗೆಯುವ ಸೋಪಾನದಲ್ಲಿ ಒಬ್ಬರು, ದಂಡೆಯ ಕೊನೆಯ ಪಂಪಿನ ಬಳಿ ಒಬ್ಬರು, ಕುರಿ ಮೇಯಿಸುವ ಕಡೆ ಒಬ್ಬರು ನಿಂತು ಕೇಳಿಸಿತೇ ಎಂದು ಬರೆದುಕೊಳ್ಳಲಿ.

ಮೊಬೈಲ್ ಎಚ್ಚರಿಕೆ ಮನೆಯೊಳಗಿನವರಿಗೆ ನಿಜವಾಗಿಯೂ ದೊಡ್ಡ ಆಸರೆ. 2023ರ ಅಕ್ಟೋಬರ್ 12ರಂದು ಕರ್ನಾಟಕದಲ್ಲಿ ಪರೀಕ್ಷೆ ನಡೆದಾಗ ಫೋನುಗಳು ಒಮ್ಮೆಲೇ ಕೂಗಿದ್ದು ತಮಗೂ ನೆನಪಿರಬಹುದು. ಅದು ಎಸ್ಸೆಮ್ಮೆಸ್ ಅಲ್ಲ, ಸೆಲ್ ಬ್ರಾಡ್‌ಕಾಸ್ಟ್. ಟವರ್ ತನ್ನ ವ್ಯಾಪ್ತಿಯ ಫೋನುಗಳಿಗೆಲ್ಲ ಒಟ್ಟಿಗೆ ಬಿತ್ತರಿಸುವುದರಿಂದ ಯಾರ ನಂಬರೂ ಬೇಕಿಲ್ಲ, ಜಾಲದ ದಟ್ಟಣೆಯೂ ಅಡ್ಡಿಯಾಗುವುದಿಲ್ಲ. ಆದರೆ ಟವರಿಗೆ ಕರೆಂಟು ಹೋಗಿ ಬ್ಯಾಟರಿಯೂ ಮುಗಿದರೆ, ಅಥವಾ ಫೋನನ್ನು ಮನೆಯಲ್ಲಿ ಚಾರ್ಜಿಗಿಟ್ಟು ತಮ್ಮ ಮಾವನವರು ಹೊಲಕ್ಕೆ ಹೋಗಿದ್ದರೆ, ಆ ಸಂದೇಶ ಅವರಿಗೆ ತಲುಪುವುದಿಲ್ಲ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಸರ್, ಸೈರನ್ ಕೇಳಿದವರು ಅದು ಯಾವುದಕ್ಕೆಂದು ತಿಳಿಯುವುದು ಹೇಗೆ?

ಉತ್ತರ: ನನ್ನನ್ನು ಹೆಚ್ಚು ಕಾಡುವ ವಿಷಯವೇ ಇದು. ಹವಾಯಿಯ ಲಹೈನಾ ಪಟ್ಟಣದಲ್ಲಿ 2023ರ ಆಗಸ್ಟ್ 8ರಂದು ಕಾಳ್ಗಿಚ್ಚು ನುಗ್ಗಿದಾಗ ಸೈರನ್‌ಗಳಿದ್ದೂ ಅವನ್ನು ಮೊಳಗಿಸಲಿಲ್ಲ. ಸೈರನ್ ಎಂದರೆ ಸುನಾಮಿ ಎಂದು ರೂಢಿಯಾಗಿರುವ ಜನ ಗುಡ್ಡದ ಕಡೆಗೆ, ಅಂದರೆ ಬೆಂಕಿಯ ಕಡೆಗೇ, ಓಡಿಯಾರು ಎಂಬುದು ಅಧಿಕಾರಿ ಕೊಟ್ಟ ಕಾರಣ. ಅಂದು ಮೊಬೈಲ್ ಜಾಲವೂ ಕೈಕೊಟ್ಟಿತ್ತು, 100ಕ್ಕೂ ಹೆಚ್ಚು ಮಂದಿ ಸತ್ತರು. ಶಬ್ದಕ್ಕೆ ಒಂದೇ ಅರ್ಥ ಅಂಟಿಕೊಂಡಿದ್ದರೆ ಹೀಗೂ ಆಗುತ್ತದೆ.

ನಮ್ಮಲ್ಲಿಯೂ ಈ ಗೊಂದಲಕ್ಕೆ ಎಡೆಯಿದೆ. ನಾಗರಿಕ ರಕ್ಷಣೆಯ ಪದ್ಧತಿಯಲ್ಲಿ ಏರಿಳಿಯುವ ಸದ್ದು ವೈಮಾನಿಕ ದಾಳಿಯ ಎಚ್ಚರಿಕೆ, ಒಂದೇ ಸಮನೆಯ ಸದ್ದು ಅಪಾಯ ಕಳೆಯಿತೆಂಬ ಸೂಚನೆ. 2025ರ ಮೇ 7ರ ಅಣಕು ಕಾರ್ಯಾಚರಣೆಯ ಸಂದರ್ಭದಲ್ಲಿ ಇದು ಅನೇಕರ ಕಿವಿಗೆ ಬಿದ್ದಿದೆ. ಅಣೆಕಟ್ಟೆಯ ಸೈರನ್ ಒಂದೇ ಸಮನೆ ಕೂಗಿ "ನೀರು ಬರುತ್ತಿದೆ" ಎನ್ನುವಂತಿದ್ದರೆ, ಅದೇ ಸದ್ದಿಗೆ ಎರಡು ವಿರುದ್ಧ ಅರ್ಥಗಳಾಗುತ್ತವೆ. ಹಾಗಾಗಿ ಸದ್ದಿನ ಹಿಂದೆಯೇ ಕನ್ನಡದಲ್ಲಿ ಮಾತು ಕೇಳಿಸುವ ಎಲೆಕ್ಟ್ರಾನಿಕ್ ಸೈರನ್ನನ್ನೇ ಆರಿಸಿಕೊಳ್ಳಿ, ಬ್ಯಾಟರಿ ಮತ್ತು ಸೋಲಾರ್ ಇರಲಿ. ಅಣೆಕಟ್ಟು ಸುರಕ್ಷತಾ ಕಾಯ್ದೆ, 2021ರ ಪ್ರಕಾರ ನಿಗದಿತ ಅಣೆಕಟ್ಟುಗಳಿಗೆ ತುರ್ತು ಕ್ರಿಯಾ ಯೋಜನೆ ಇರಬೇಕು. ಅದರಲ್ಲಿ ನಿಮ್ಮ ಊರಿಗೆ ಯಾರು, ಎಷ್ಟು ಹೊತ್ತು ಮುಂಚೆ, ಯಾವ ಸದ್ದಿನಿಂದ ತಿಳಿಸಬೇಕೆಂದಿದೆ ಎಂಬುದನ್ನು ಪಂಚಾಯಿತಿಯವರು ಲಿಖಿತವಾಗಿ ಕೇಳಿ ಪಡೆದು, ಗ್ರಾಮಸಭೆಯಲ್ಲಿ ಓದಿ ಹೇಳಲಿ. ಸೈರನ್ ಖರೀದಿಯ ಮಾತು ಅದಾದ ಮೇಲೆ.