ಹಂದಿಗೆ ಹಾಕಿದ ಉರುಳು, ಮನೆಯ ಕೋವಿ, ಹೊರದೇಶದ ಬೇಟೆ: ಕಾಡುಪ್ರಾಣಿ ವೈದ್ಯರ ಜೊತೆ ಪ್ರಶ್ನೋತ್ತರ

ಎಲ್ಲರಿಗೂ ನಮಸ್ಕಾರ. ನಾನು ಪಶುವೈದ್ಯ. ಹದಿನೆಂಟು ವರ್ಷದಿಂದ ಕಾಡುಪ್ರಾಣಿಗಳ ಚಿಕಿತ್ಸೆಯಲ್ಲೇ ಇದ್ದೇನೆ. ಬೇಟೆ ಬಗ್ಗೆ ಗುಂಪಿನಲ್ಲಿ ತುಂಬಾ ಚರ್ಚೆ ಆಗುತ್ತಿದೆ, ಬಂದು ಉತ್ತರಿಸಿ ಎಂದು ಅಡ್ಮಿನ್ ಕೇಳಿದರು. ಒಂದೊಂದಾಗಿ ಬರೆಯುತ್ತೇನೆ.

ಪ್ರಶ್ನೆ (ಸಕಲೇಶಪುರದಿಂದ): ಸರ್, ನಮ್ಮದು ಎರಡು ಎಕರೆ ಗದ್ದೆ, ಸ್ವಲ್ಪ ಶುಂಠಿ. ಹಂದಿ ಕಾಟ ತಡೆಯೋಕೆ ಆಗ್ತಿಲ್ಲ. ಪಕ್ಕದವರು ಬೈಕಿನ ಕ್ಲಚ್ ವೈರಿನ ಉರುಳು ಹಾಕ್ತಾರೆ, ನಿಮಗೂ ಹಾಕಿಕೊಡ್ತೀವಿ ಅಂತಿದ್ದಾರೆ. ಬರೀ ಹಂದಿಗೆ ತಾನೇ, ತಪ್ಪೇನು?

ಉತ್ತರ: ದಯವಿಟ್ಟು ಹಾಕಬೇಡಿ. ಹಂದಿ ನುಗ್ಗುವ ಬೇಲಿ ಸಂದಿಯಲ್ಲೇ ಮುಳ್ಳುಹಂದಿ ಬರುತ್ತದೆ, ಕಾಡುಕುರಿ ಬರುತ್ತದೆ, ನಿಮ್ಮನೆ ನಾಯಿಯೂ ಬರುತ್ತದೆ. ಅದರ ವಾಸನೆ ಹಿಡಿದು ಚಿರತೆ ಬರುತ್ತದೆ. ಯಾರು ಬಂದರು ಅಂತ ಉರುಳು ನೋಡುವುದಿಲ್ಲ.

ನಿಮ್ಮ ಜಿಲ್ಲೆಯದ್ದೇ ಒಂದು ಕಾಫಿ ತೋಟ. ಬೆಳಿಗ್ಗೆ ಒಂಬತ್ತೂವರೆಗೆ ನಾನು ಹೋದಾಗ ಚಿರತೆ ಸೊಂಟಕ್ಕೆ ವೈರ್ ಬಿಗಿದುಕೊಂಡು ಬಿದ್ದಿತ್ತು. ವೈರ್ ಎಟಕುವಷ್ಟು ದೂರ ನೆಲವನ್ನೆಲ್ಲ ಗುಂಡಗೆ ಕೆರೆದು ಹಾಕಿತ್ತು, ಒಂದು ಹುಲ್ಲುಕಡ್ಡಿ ಉಳಿದಿರಲಿಲ್ಲ. ಪಕ್ಕದ ಸಿಲ್ವರ್ ಓಕಿನ ತೊಗಟೆ ಆಳೆತ್ತರ ಸುಲಿದು ಹೋಗಿತ್ತು. ವೈರ್ ಕಚ್ಚಿ ಕಚ್ಚಿ ಒಂದು ಕೋರೆಹಲ್ಲು ಮುರಿದಿತ್ತು. ಸುತ್ತ ಇನ್ನೂರು ಜನ, ಎಲ್ಲರ ಕೈಯಲ್ಲೂ ಮೊಬೈಲ್. ಅರಿವಳಿಕೆ ಸೂಜಿ ಹೊಡೆದರೆ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಪ್ರಾಣಿ ಮಲಗಬೇಕು. ಆದರೆ ಗದ್ದಲಕ್ಕೆ ಹೆದರಿ ಒದ್ದಾಡುವ ಪ್ರಾಣಿಗೆ ಔಷಧ ಬೇಗ ಹತ್ತುವುದಿಲ್ಲ. ಎರಡನೇ ಸೂಜಿ ಕೊಡಬೇಕಾಯಿತು.

ವೈರ್ ಕತ್ತರಿಸಿ ನೋಡಿದರೆ ಮೇಲೆ ಒಂದು ಗೆರೆಯಷ್ಟೇ ಗಾಯ. ಬದುಕಿತು ಅಂತ ಎಲ್ಲರೂ ಖುಷಿಪಟ್ಟರು. ಮಾರನೇ ದಿನ ಮೂತ್ರ ಕಾಫಿ ಬಣ್ಣಕ್ಕೆ ತಿರುಗಿತು. ಮೂರನೇ ದಿನ ಸತ್ತಿತು. ರಾತ್ರಿಯಿಡೀ ಎಳೆದಾಡಿದ್ದಕ್ಕೆ ಮಾಂಸಖಂಡಗಳೇ ಒಡೆದು, ಅದರೊಳಗಿನದ್ದು ರಕ್ತಕ್ಕೆ ಸೇರಿ, ಕಿಡ್ನಿ ಕಟ್ಟಿಹೋಗಿತ್ತು. ಉರುಳಿಗೆ ಬಿದ್ದ ಎಷ್ಟೋ ಪ್ರಾಣಿಗಳು ಸಾಯುವುದು ಹೀಗೆ, ಬಿಡಿಸಿದ ಮೇಲೆ. ಅವತ್ತು ಚಿರತೆ ಮೈ ತಣ್ಣಗಾಗಲಿ ಅಂತ ಕೊಡದಲ್ಲಿ ನೀರು ಹೊತ್ತು ತಂದವನೇ ಉರುಳು ಹಾಕಿದ್ದ ರೈತ. ಅವನದ್ದೂ ಶುಂಠಿಯೇ. ಅವನ ಮುಖ ನನಗೆ ಇವತ್ತಿಗೂ ಮರೆಯುವುದಿಲ್ಲ.

ಅದೇ ಸದಸ್ಯರು: ಅರ್ಥ ಆಯ್ತು ಸರ್. ಆದ್ರೆ ನಾವು ಏನು ಮಾಡ್ಬೇಕು? ಬೆಳೆ ಹೋದ್ರೆ ಯಾರೂ ಬರಲ್ಲ.

ಉತ್ತರ: ನ್ಯಾಯವಾದ ಮಾತು. ಪರಿಹಾರಕ್ಕೆ ಅರ್ಜಿ ಹಾಕಿ ಅಂತ ಹೇಳುವುದು ಸುಲಭ. ಬರುವ ದುಡ್ಡು ಕಡಿಮೆ, ಬರುವುದೂ ತಡ. ಆದರೂ ಬಿಡಬೇಡಿ. ಹಾನಿ ಆದ ದಿನವೇ ಫೋಟೊ ತೆಗೆದು ದೂರು ಕೊಡಿ. ಇಲ್ಲದಿದ್ದರೆ ನಿಮ್ಮ ಊರಲ್ಲಿ ಹಂದಿ ಕಾಟವೇ ಇಲ್ಲ ಅಂತ ಲೆಕ್ಕ ಆಗುತ್ತದೆ.

ಸೋಲಾರ್ ಬೇಲಿ ಹಾಕುವುದಾದರೆ ಕೆಳಗಿನ ತಂತಿಗಳು ಮುಖ್ಯ. ಹಂದಿ ಹಾರುವುದಕ್ಕಿಂತ ನುಗ್ಗುವುದೇ ಜಾಸ್ತಿ. ಹಾಗಾಗಿ ಮೊಣಕಾಲಿಗಿಂತ ಕೆಳಗೆ ಎರಡು ಎಳೆಯಾದರೂ ಇರಲಿ. ಹುಲ್ಲು ಬೆಳೆದು ತಂತಿಗೆ ತಾಗಿದರೆ ಶಾಕ್ ನೆಲಕ್ಕೆ ಹೋಗುತ್ತದೆ, ಬೇಲಿ ಸುಮ್ನೆ ನಿಂತಿರುತ್ತದೆ. ವಾರಕ್ಕೊಮ್ಮೆ ಸವರಿ. ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಹಾಕಿದರೆ ಖರ್ಚೂ ಕಡಿಮೆ, ಸಂದಿಯೂ ಉಳಿಯುವುದಿಲ್ಲ. ಮನೆ ಕರೆಂಟನ್ನು ನೇರವಾಗಿ ತಂತಿಗೆ ಕೊಡುವುದನ್ನು ಮಾತ್ರ ಯಾವತ್ತೂ ಮಾಡಬೇಡಿ. ಅದಕ್ಕೆ ಆನೆ ಸಾಯುತ್ತದೆ, ಬೆಳಗಿನ ಜಾವ ನೀರು ಬಿಡಲು ಹೋದ ಮನುಷ್ಯನೂ ಸಾಯುತ್ತಾನೆ.

ಪ್ರಶ್ನೆ (ವಿರಾಜಪೇಟೆಯಿಂದ): ನಾವು ಕೊಡವರು, ಕೋವಿಗೆ ಲೈಸೆನ್ಸ್ ಬೇಕಿಲ್ಲ. ನಮ್ಮ ಗದ್ದೆಗೇ ಬಂದ ಹಂದಿ ಹೊಡೆದರೂ ತಪ್ಪಾ?

ಉತ್ತರ: ಎರಡು ಬೇರೆ ಬೇರೆ ಕಾನೂನುಗಳಿವು. ವಿನಾಯಿತಿ ಇರುವುದು ಕೋವಿ ಇಟ್ಟುಕೊಳ್ಳಲು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದೆ. ಬೇಟೆಗೆ ಅನ್ವಯಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಅದರ ಪ್ರಕಾರ ಕೊಂದರಷ್ಟೇ ಬೇಟೆಯಲ್ಲ. ಉರುಳು ಹಾಕುವುದು, ಸೋವುವುದು (ಪ್ರಾಣಿಯನ್ನು ಅಟ್ಟುವುದು), ಆಮಿಷ ಇಡುವುದು, ಇವಕ್ಕೆಲ್ಲ ಪ್ರಯತ್ನ ಪಡುವುದು ಕೂಡ ಬೇಟೆಯೇ.

ಅದೇ ಕಾಯ್ದೆಯ 11ನೇ ಸೆಕ್ಷನ್‌ನಲ್ಲಿ ದಾರಿಯೂ ಇದೆ. ನಿಂತ ಬೆಳೆಗೆ ಅಪಾಯ ಅಂತ ಕಂಡರೆ ಮುಖ್ಯ ವನ್ಯಜೀವಿ ಪಾಲಕರು, ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ, ಕಾರಣ ಬರೆದು ಹಂದಿ ಹೊಡೆಯಲು ಅನುಮತಿ ಕೊಡಬಹುದು. ಕೇರಳದಲ್ಲಿ 2022ರಲ್ಲಿ ಈ ಅಧಿಕಾರವನ್ನು ಪಂಚಾಯಿತಿ ಅಧ್ಯಕ್ಷರ ಕೈಗೂ ಕೊಟ್ಟರು. ನನ್ನ ಅಭಿಪ್ರಾಯ ಕೇಳಿದರೆ, ಹಂದಿ ಹೊಡೆಯಲೇಬೇಕು ಅನ್ನುವ ಕಡೆ ಅನುಮತಿ ಪಡೆದ, ಗುರಿ ಗೊತ್ತಿರುವ ಒಬ್ಬರು ಒಂದೇ ಈಡಿಗೆ ಹೊಡೆಯಲಿ. ಎದುರಿಗಿರುವುದು ಏನು ಅಂತ ಅವರು ನೋಡಿರುತ್ತಾರೆ. ಮರಿ ಜೊತೆಗಿದ್ದರೆ ಕೋವಿ ಇಳಿಸುತ್ತಾರೆ. ಗಾಯಗೊಂಡು ಓಡಿದರೆ ಹುಡುಕಿಕೊಂಡು ಹೋಗುತ್ತಾರೆ. ನಿಮ್ಮ ಹಿರಿಯರಿಗೆ ಇದನ್ನು ನಾನು ಹೇಳಿಕೊಡಬೇಕಿಲ್ಲ. ಹುಲಿ ಹೊಡೆದವನಿಗೆ ನರಿ ಮಂಗಲ (ಕೊಡವ ಭಾಷೆಯಲ್ಲಿ ನರಿ ಅಂದರೆ ಹುಲಿ) ಮಾಡಿ, ಸತ್ತ ಹುಲಿಗೆ ಮದುವೆಯ ಮರ್ಯಾದೆ ಕೊಡುತ್ತಿದ್ದ ನಾಡು ನಿಮ್ಮದು. ಹುಲಿ ಹೊಡೆಯುವ ಕಾಲ ಹೋಯಿತು, ಹೋಗಿದ್ದು ಒಳ್ಳೆಯದೇ ಆಯಿತು. ಕೊಂದ ಪ್ರಾಣಿಗೆ ತಾನೇ ಹೊಣೆ ಅನ್ನುವ ಆ ಭಾವನೆ ಮಾತ್ರ ಹೋಗಬಾರದಿತ್ತು. ಕ್ಲಚ್ ವೈರ್ ಕಟ್ಟಿ ಮನೆಗೆ ಹೋಗಿ ಮಲಗುವವನಿಗೆ ಅದು ಇರುವುದಿಲ್ಲ.

ಪ್ರಶ್ನೆ: ಅನುಮತಿ ಪಡೆದು ಹೊಡೆದರೆ ಮಾಂಸ ತಿನ್ನಬಹುದಾ?

ಉತ್ತರ: ಇಲ್ಲ. ಹಾಗೆ ಹೊಡೆದ ಪ್ರಾಣಿ ಸರ್ಕಾರದ ಸ್ವತ್ತು. ಅರಣ್ಯ ಇಲಾಖೆಗೇ ಒಪ್ಪಿಸಬೇಕು.

ಪ್ರಶ್ನೆ (ಅಮೆರಿಕದ ಟೆಕ್ಸಾಸ್‌ನಿಂದ): ಇಲ್ಲಿ ಬೇಟೆಗಾರರ ದುಡ್ಡಿನಿಂದಲೇ ಕಾಡು ಉಳಿದಿದೆ ಅಂತಾರೆ. ನಮ್ಮಲ್ಲಿ ಯಾಕೆ ಆಗಲ್ಲ?

ಉತ್ತರ: ಅಲ್ಲಿ ಆ ಮಾತಿನಲ್ಲಿ ಸತ್ಯ ಇದೆ. 1937ರ ಕಾಯ್ದೆಯಂತೆ ಬೇಟೆ ಬಂದೂಕು, ತೋಟಾಗಳ ಮೇಲೆ ಶೇಕಡಾ 11 ತೆರಿಗೆ ಇದೆ, ಆ ದುಡ್ಡು ರಾಜ್ಯಗಳ ವನ್ಯಜೀವಿ ಕೆಲಸಕ್ಕೆ ಹೋಗುತ್ತದೆ. ಪಾಕಿಸ್ತಾನದ ಉತ್ತರದ ಬೆಟ್ಟಗಳಲ್ಲಿ ಮಾರ್ಖೋರ್ ಅನ್ನುವ ಸುರುಳಿ ಕೊಂಬಿನ ಕಾಡುಮೇಕೆ ಇದೆ. ವರ್ಷಕ್ಕೆ ಕೆಲವೇ ಕೆಲವನ್ನು ಹೊಡೆಯಲು ಪರವಾನಗಿ ಹರಾಜು ಹಾಕುತ್ತಾರೆ, ಹಣದಲ್ಲಿ ಶೇಕಡಾ 80 ಅಲ್ಲಿನ ಹಳ್ಳಿಗಳಿಗೆ. ಹಾಗಾಗಿ ಹಳ್ಳಿಯವರೇ ಕಾವಲು ನಿಲ್ಲುತ್ತಾರೆ. ಕೀನ್ಯಾ ಇದಕ್ಕೆ ತದ್ವಿರುದ್ಧ, 1977ರಲ್ಲೇ ಬೇಟೆ ನಿಲ್ಲಿಸಿತು. ಎಲ್ಲ ಕಡೆಗೂ ಒಂದೇ ಉತ್ತರ ಇಲ್ಲ.

ನಮ್ಮಲ್ಲೂ ಬಂಡೀಪುರ ಮೊದಲು ಉಳಿದಿದ್ದು ಮೈಸೂರು ಮಹಾರಾಜರ ಶಿಕಾರಿ ಕಾಡಾಗಿ. 1931ರಲ್ಲಿ ಅಲ್ಲಿ ವನ್ಯಧಾಮ ಆಯಿತು. ಆದರೆ ದೇಶದ ಉಳಿದ ಕಡೆ ಶಿಕಾರಿ ಎಷ್ಟು ತಿಂದು ಹಾಕಿತ್ತೆಂದರೆ 1972ರ ಗಣತಿಯಲ್ಲಿ ಇಡೀ ದೇಶದಲ್ಲಿ ಸಿಕ್ಕ ಹುಲಿ 1,827. ಈಗ, 2022ರ ಅಂದಾಜಿನಲ್ಲಿ, ಕರ್ನಾಟಕ ಒಂದರಲ್ಲೇ 563. ಒಂದು ಹುಲಿಗೆ ವರ್ಷಕ್ಕೆ ಜಿಂಕೆ ಗಾತ್ರದ ಸುಮಾರು ಐವತ್ತು ಪ್ರಾಣಿ ಬೇಕು. ಚಿರತೆ, ಕಾಡುನಾಯಿಗಳ ಪಾಲು ಬೇರೆ. ನಾವು ಹವ್ಯಾಸಕ್ಕೆ ಕಡವೆ, ಜಿಂಕೆ ಹೊಡೆದರೆ ಆ ಹುಲಿ ಯಾರ ಕೊಟ್ಟಿಗೆಗೆ ಬರುತ್ತದೆ ಹೇಳಿ? ನಮ್ಮ ಕಾಡು ಸಣ್ಣದು, ಅಂಚಿನಲ್ಲೇ ಊರುಗಳು. ಇಲ್ಲಿ ಶಿಕಾರಿ ಮತ್ತೆ ಬರುವುದನ್ನು ನಾನು ಒಪ್ಪುವುದಿಲ್ಲ.

ಪ್ರಶ್ನೆ (ಹನೂರಿನಿಂದ): ಕೊಟ್ಟಿಗೆ ಮಾತು ಬಂತಲ್ಲ, ನಮ್ಮ ಕಡೆ ಐದು ಹುಲಿ ಸತ್ತವು. ಬೇಟೆಗಾರರಲ್ಲ, ದನ ಕಳೆದುಕೊಂಡವರು ಮಾಡಿದ್ದು. ಇದಕ್ಕೇನಂತೀರಿ?

ಉತ್ತರ: 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ವನ್ಯಧಾಮದಲ್ಲಿ ನಡೆದದ್ದು. ತಾಯಿ ಹುಲಿ, ನಾಲ್ಕು ಮರಿ. ಸತ್ತ ಹಸುವಿಗೆ ವಿಷ ಹಾಕಿದ್ದರು. ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆದರೆ ಹಸು ಅಂದರೆ ಆ ಮನೆಯ ದಿನದ ಸಂಪಾದನೆ ಅಲ್ವಾ? ಸಿಟ್ಟು ಬರುವ ಮೊದಲ ಎರಡು ದಿನದೊಳಗೆ ಯಾರಾದರೂ ಆ ಮನೆಗೆ ಹೋಗಬೇಕು, ಕೈಗೆ ಪರಿಹಾರ ಸಿಗಬೇಕು. ವಿಷವೂ ಉರುಳಿನ ಹಾಗೇ. ಆ ಮಾಂಸ ತಿಂದ ರಣಹದ್ದು, ನರಿ, ಊರ ನಾಯಿ, ಯಾವುದೂ ಉಳಿಯುವುದಿಲ್ಲ.

ಸಕಲೇಶಪುರದ ಸದಸ್ಯರು: ಸರ್, ಸಂಜೆ ನಮ್ಮ ಬೇಲಿ ಸುತ್ತಿ ಬಂದೆ. ನಮಗೇ ಗೊತ್ತಿಲ್ಲದೆ ಮೂರು ಉರುಳು ಇದ್ದವು. ಎರಡು ತುಕ್ಕು ಹಿಡಿದಿವೆ.

ಉತ್ತರ: ತುಕ್ಕು ಹಿಡಿದಿದ್ದೂ ಹಿಡಿಯುತ್ತದೆ. ಇದ್ದ ಹಾಗೇ ಫೋಟೊ ತೆಗೆದುಕೊಂಡು, ಕುಣಿಕೆ ಸಡಿಲಿಸಿ, ಬುಡದ ಗೂಟದಿಂದಲೇ ಬಿಚ್ಚಿ ಫಾರೆಸ್ಟ್ ಗಾರ್ಡ್ ಕೈಗೆ ಕೊಡಿ. ಯಾವುದಕ್ಕಾದರೂ ಪ್ರಾಣಿ ಸಿಕ್ಕಿದ್ದರೆ ಹತ್ತಿರ ಹೋಗಬೇಡಿ, ಜನ ಸೇರಿಸಬೇಡಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಬೇಲಿ ಹಳ್ಳ ದಾಟುವ ಜಾಗ ನೋಡಿದಿರಾ? ನನಗೆ ಜಾಸ್ತಿ ಸಿಕ್ಕಿರುವುದು ಅಲ್ಲೇ. ನಾಳೆ ಬೆಳಕಿರುವಾಗ ಅದನ್ನೂ ಒಮ್ಮೆ ನೋಡಿ ಬನ್ನಿ.