"ಜವಾಬ್ದಾರಿ ಸರ್ಕಾರ" ಅಂದರೆ ಯಾರಿಗೆ ಜವಾಬು?

ಗೆಳೆಯರೇ, ನಮಸ್ಕಾರ. ನಾನು ಗೌರಿಬಿದನೂರು ಕಡೆಯವನು, ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಒಂದು ಪದದ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು. ಪದ ಎಲ್ಲರಿಗೂ ಗೊತ್ತಿರುವುದೇ, ಜವಾಬ್ದಾರಿ. ಆದರೆ ಅದರ ಪಕ್ಕಕ್ಕೆ "ಸರ್ಕಾರ" ಬಂದು ಕೂತಾಗ ಮಕ್ಕಳಿಗೆ ಅರ್ಥವೇ ಬೇರೆ ಆಗಿಬಿಡುತ್ತಿದೆ.

ಹೋದ ತಿಂಗಳು ಹತ್ತನೇ ಕ್ಲಾಸಿನ ಮಕ್ಕಳನ್ನು ವಿದುರಾಶ್ವತ್ಥಕ್ಕೆ ಕರೆದುಕೊಂಡು ಹೋಗಿದ್ದೆ. ವೀರಸೌಧ ನೋಡಿಕೊಂಡು ಬಂದು ನೆರಳಿನಲ್ಲಿ ಕೂತು ಚಿತ್ರಾನ್ನ ತಿನ್ನುತ್ತಾ ಮಾತಾಡುತ್ತಿದ್ದೆವು. 1938ರ ಏಪ್ರಿಲ್ 25ರಂದು ಇಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ್ದು, ಅದಕ್ಕೆ ಸ್ವಲ್ಪ ದಿನ ಮುಂಚೆ ಮದ್ದೂರಿನ ಹತ್ತಿರ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದದ್ದು, ಆ ಹೊತ್ತಿಗೆ ಮೈಸೂರು ಕಾಂಗ್ರೆಸ್ಸಿನವರ ಮುಖ್ಯ ಬೇಡಿಕೆ "ಜವಾಬ್ದಾರಿ ಸರ್ಕಾರ" ಆಗಿದ್ದದ್ದು, ಇಷ್ಟನ್ನೂ ಹೇಳಿದೆ. ಒಬ್ಬ ಹುಡುಗ ತುತ್ತು ನುಂಗಿ ಕೇಳಿದ: "ಸಾರ್, ಹಂಗಾದ್ರೆ ಮುಂಚೆ ಇದ್ದಿದ್ದು ಬೇಜವಾಬ್ದಾರಿ ಸರ್ಕಾರವಾ?"

ಉಳಿದವರೆಲ್ಲ ತಲೆ ಆಡಿಸಿದರು. ಅವರ ತಪ್ಪೇನಿಲ್ಲ. ನಾವು ದಿನಾ ಆ ಪದವನ್ನು ಬಳಸುವುದೇ ಹಾಗೆ. ಮಗಳ ಮದುವೆ ಜವಾಬ್ದಾರಿ, ಮನೆ ಜವಾಬ್ದಾರಿ, ಹುಡುಗನಿಗೆ ಸ್ವಲ್ಪ ಜವಾಬ್ದಾರಿ ಬಂದಿದೆ. ಅಂದರೆ ಹೊರಬೇಕಾದ ಭಾರ, ಇಲ್ಲವೇ ನೆಟ್ಟಗೆ ಇರುವ ಬುದ್ಧಿ. ಆ ಲೆಕ್ಕದಲ್ಲಿ ಜವಾಬ್ದಾರಿ ಸರ್ಕಾರ ಅಂದರೆ ಕೆಲಸ ಸರಿಯಾಗಿ ಮಾಡುವ ಸರ್ಕಾರ, ಅಷ್ಟೇ.

ನಾನು ಬಾಯಿ ತೆಗೆಯುವಷ್ಟರಲ್ಲಿ ಮೂಲೆಯಲ್ಲಿದ್ದ ಒಬ್ಬಳು ಹುಡುಗಿ ಹೇಳಿದಳು. ಅವಳ ಮನೆ ಮಾತು ತೆಲುಗು, ನಮ್ಮ ಕಡೆ ಅದು ಸಾಮಾನ್ಯ. "ಸಾರ್, ಜವಾಬು ಅಂದ್ರೆ ಉತ್ತರ ಅಲ್ವಾ? ನಮ್ಮಜ್ಜಿ ಏನಾದ್ರೂ ಕೇಳಿದಾಗ ನಾನು ಸುಮ್ನೆ ಇದ್ರೆ 'ಜವಾಬು ಚೆಪ್ಪು' ಅಂತ ಬೈತಾರೆ. ಹಂಗಾದ್ರೆ ಇದು ಜವಾಬು ಕೊಡೋ ಸರ್ಕಾರ ಅಲ್ವಾ?"

ನಾನು ಹತ್ತು ವರ್ಷದಿಂದ ಬೋರ್ಡಿನ ಮೇಲೆ ಬರೆದು ವಿವರಿಸುತ್ತಿದ್ದದ್ದನ್ನು ಅವಳು ಅಜ್ಜಿಯ ಬಾಯಿಂದ ಎತ್ತಿಕೊಟ್ಟಳು. ಆವತ್ತಿನಿಂದ ಈ ಪದ ನನ್ನ ತಲೆಯಲ್ಲೇ ಕೂತಿದೆ.

ಪದ ಬಿಡಿಸಿದರೆ ಸುಲಭ. ಜವಾಬ್ ಅರಬ್ಬಿಯಿಂದ ಬಂದದ್ದು, ಉತ್ತರ ಅಂತ. ದಾರ ಪಾರಸಿಯದು, ಅರ್ಜಿದಾರ, ಗುತ್ತಿಗೆದಾರ, ತಹಸೀಲ್ದಾರ ಇವುಗಳಲ್ಲಿ ಇರುವುದೇ. ಉತ್ತರ ಕೊಡಬೇಕಾದವನು ಜವಾಬ್ದಾರ, ಅವನ ಆ ಸ್ಥಿತಿ ಜವಾಬ್ದಾರಿ. ಕನ್ನಡದಲ್ಲಿ ಜವಾಬು ಪೂರ್ತಿ ಹೋಗಿಲ್ಲ. "ಕಾಗದಕ್ಕೆ ಜವಾಬು ಬಂತಾ" ಅನ್ನುವುದನ್ನು ನಮ್ಮ ಹಿರಿಯರು ಹೇಳುತ್ತಿದ್ದರು, ಉತ್ತರ ಕರ್ನಾಟಕದ ಗೀಗೀ ಮೇಳಗಳಲ್ಲಿ ಸವಾಲ್-ಜವಾಬ್ ಇವತ್ತಿಗೂ ಇದೆ. ಆದರೆ ಜವಾಬ್ದಾರಿ ಅನ್ನುವಾಗ ಒಳಗಿನ ಜವಾಬು ನಮಗೆ ಕೇಳಿಸುತ್ತಿಲ್ಲ. ತೆಲುಗಿನಲ್ಲಿ ಕೇಳಿಸುತ್ತದೆ. ಅಲ್ಲಿ ಹೊರುವ ಭಾರಕ್ಕೆ ಬಾಧ್ಯತ, ಉತ್ತರ ಕೊಡಬೇಕಾದದ್ದಕ್ಕೆ ಜವಾಬುದಾರಿ ಅಂತ ಎರಡು ಪದ ಬೇರೆ ಬೇರೆ ನಿಂತಿವೆ. ನಾವು ಎರಡನ್ನೂ ಒಂದೇ ಪದಕ್ಕೆ ಹೊರಿಸಿ, ಎರಡನೆಯದು ಸವೆದು ಹೋದ ಮೇಲೆ "ಉತ್ತರದಾಯಿತ್ವ" ಅಂತ ಹೊಸದೊಂದನ್ನು ಕಟ್ಟಿಕೊಂಡೆವು. ನೋಡಿ, ಜವಾಬು ತೆಗೆದು ಉತ್ತರ ಇಟ್ಟಿದ್ದೇವೆ, ಅಷ್ಟೇ. ಹಳೆಯ ಪದವೇ ಮರುಹುಟ್ಟು ಪಡೆದಿದೆ, ಆದರೆ ನಾಲಿಗೆ ಹೊರಳದ ಹಾಗೆ. ಇನ್ನು ಹೊಣೆ. ಅದು ಅಚ್ಚಗನ್ನಡದ್ದು, ಹಳಗನ್ನಡದ ಪೊಣೆ, ಮೂಲದಲ್ಲಿ ಜಾಮೀನು ನಿಲ್ಲುವ ಅರ್ಥದ್ದು. ಒಳ್ಳೆಯ ಪದವೇ, ಆದರೆ ಅದರಲ್ಲಿ ಯಾರೂ ಯಾರನ್ನೂ ಪ್ರಶ್ನೆ ಕೇಳುವುದಿಲ್ಲ.

ಇದನ್ನು ಯಾಕೆ ಇಷ್ಟು ಎಳೆಯುತ್ತಿದ್ದೇನೆ ಅಂದರೆ, ಪಾರ್ಲಿಮೆಂಟು ಏನು ಮಾಡುತ್ತದೆ ಅನ್ನುವುದರ ತಿರುಳು ಈ ಪದದಲ್ಲಿದೆ. ಮೈಸೂರು ಸಂಸ್ಥಾನದಲ್ಲಿ ಸಭೆ ಇರಲಿಲ್ಲವೇ? ಇತ್ತು. ದಿವಾನ್ ರಂಗಾಚಾರ್ಲು ಕಾಲದಲ್ಲಿ, 1881ರಲ್ಲೇ, ಪ್ರಜಾಪ್ರತಿನಿಧಿ ಸಭೆ ಶುರುವಾಯಿತು, ಮೊದಲ ಸಭೆಗೆ 144 ಜನ. 1907ರಲ್ಲಿ ನ್ಯಾಯವಿಧಾಯಕ ಸಭೆಯೂ ಬಂತು. ಜನ ಅಹವಾಲು ಹೇಳಿಕೊಳ್ಳುತ್ತಿದ್ದರು, ದಿವಾನರು ಕೇಳಿಸಿಕೊಂಡು ಮಾತಾಡುತ್ತಿದ್ದರು. ಆದರೆ ದಿವಾನರನ್ನು ನೇಮಿಸುತ್ತಿದ್ದವರು ಮಹಾರಾಜರು, ಇಳಿಸಬೇಕಾದವರೂ ಅವರೇ. ಉತ್ತರ ಸಮಾಧಾನ ತರಲಿಲ್ಲ ಅಂತ ಸಭೆ ದಿವಾನರನ್ನು ಮನೆಗೆ ಕಳಿಸುವ ಹಾಗಿರಲಿಲ್ಲ. ಸಭೆ ಶುರುವಾಗಿ 57 ವರ್ಷ ಆದ ಮೇಲೂ ಜನ ಬೀದಿಗೆ ಬಂದು "ಜವಾಬ್ದಾರಿ ಸರ್ಕಾರ" ಕೇಳಿದ್ದು ಇದಕ್ಕೇ. 1947ರ ಮೈಸೂರು ಚಲೋ ಚಳವಳಿಯ ಕೂಗೂ ಅದೇ, ಆಮೇಲೆ ಅಕ್ಟೋಬರಿನಲ್ಲಿ ನಮ್ಮ ಪಕ್ಕದ ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು.

ಈಗ ಪಾಠದಲ್ಲಿ ಆ ಪದ ಹಿಂದೆ ಸರಿದು "ಸಂಸದೀಯ ಪದ್ಧತಿ", "ಅಧ್ಯಕ್ಷೀಯ ಪದ್ಧತಿ" ಮುಂದೆ ಬಂದಿವೆ. ಸಂಸತ್ತು ಅಂದರೆ ಒಟ್ಟಿಗೆ ಕೂರುವುದು, ಪಾರ್ಲಿಮೆಂಟು ಅಂದರೆ ಫ್ರೆಂಚಿನ ಮಾತಾಡು ಅನ್ನುವ ಪದದಿಂದ ಬಂದದ್ದು. ಕೂರುವುದೂ ಮಾತಾಡುವುದೂ ಅಮೆರಿಕದಲ್ಲೂ ಇದೆ ಅಲ್ವಾ? ಪೇಪರಿನವರು ಅಮೆರಿಕದ ಕಾಂಗ್ರೆಸ್ಸನ್ನು "ಅಮೆರಿಕ ಸಂಸತ್ತು" ಅಂತಲೇ ಬರೆಯುತ್ತಾರೆ. ಆಗ ಮಕ್ಕಳು ಕೇಳುವ ಪ್ರಶ್ನೆ: ಅಲ್ಲಿ ಸಂಸತ್ತು ದುಡ್ಡಿಗೆ ಒಪ್ಪಿಗೆ ಕೊಡದಿದ್ದರೆ ಅಧ್ಯಕ್ಷರು ಯಾಕೆ ರಾಜೀನಾಮೆ ಕೊಡುವುದಿಲ್ಲ? 2018ರ ಡಿಸೆಂಬರಿನಿಂದ 2019ರ ಜನವರಿವರೆಗೆ 35 ದಿನ ಅಲ್ಲಿ ಎಷ್ಟೋ ಸರ್ಕಾರಿ ಕಚೇರಿಗಳು ಮುಚ್ಚಿದ್ದವು, ನೌಕರರಿಗೆ ಸಂಬಳ ನಿಂತಿತ್ತು, ಆದರೂ ಸರ್ಕಾರ ಬೀಳಲಿಲ್ಲ. ನಮ್ಮಲ್ಲಿ ಬಜೆಟ್ಟಿನ ಮೇಲೆ ಲೋಕಸಭೆಯಲ್ಲಿ ಸೋತರೆ ಸರ್ಕಾರ ಹೋದ ಹಾಗೆಯೇ. 1999ರ ಏಪ್ರಿಲ್ 17ರಂದು ವಾಜಪೇಯಿ ಸರ್ಕಾರ ವಿಶ್ವಾಸಮತದಲ್ಲಿ 269ಕ್ಕೆ 270, ಒಂದೇ ಒಂದು ಮತದಲ್ಲಿ ಬಿತ್ತು. "ಸರ್ಕಾರ ಬಿತ್ತು" ಅನ್ನುವ ನಮ್ಮ ಮಾತೇ ಅಮೆರಿಕಕ್ಕೆ ಹೊಂದುವುದಿಲ್ಲ. ಅಲ್ಲಿ ಕಾಂಗ್ರೆಸ್ಸಿಗೆ ಶಕ್ತಿ ಕಡಿಮೆ ಅಂತಲ್ಲ, ಖಜಾನೆ ಬೀಗದ ಕೈ ಅದರ ಹತ್ತಿರವೇ ಇದೆ, ಅಧ್ಯಕ್ಷರು ತಡೆದ ಮಸೂದೆಯನ್ನು ಮೂರರಲ್ಲಿ ಎರಡು ಪಾಲು ಮತದಿಂದ ಮತ್ತೆ ಪಾಸು ಮಾಡಬಹುದು. ಅಧ್ಯಕ್ಷರು ಸದನದಲ್ಲಿ ನಿಂತು ದಿನಾ ಜವಾಬು ಕೊಡಬೇಕಾದವರಲ್ಲ, ಅವಿಶ್ವಾಸ ಹೇಳಿ ಅವರನ್ನು ಇಳಿಸುವ ಹಾಗೂ ಇಲ್ಲ, ಅದೇ ವ್ಯತ್ಯಾಸ.

"ಸಂಸದೀಯ" ಅನ್ನುವ ಹಣೆಪಟ್ಟಿ ಇನ್ನೂ ಕೆಲವು ಕಡೆ ಕೈಕೊಡುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ಏಳು ಜನರ ಮಂತ್ರಿಮಂಡಲವನ್ನು ಆರಿಸುವುದು ಸಂಸತ್ತೇ, ಆದರೆ ನಾಲ್ಕು ವರ್ಷದ ಮಧ್ಯೆ ಅವಿಶ್ವಾಸ ಹೇಳಿ ಇಳಿಸುವ ಹಾಗಿಲ್ಲ. ಫ್ರಾನ್ಸಿನಲ್ಲಿ 2024ರ ಡಿಸೆಂಬರ್ 4ರಂದು 331 ಮತ ಬಿದ್ದು ಪ್ರಧಾನಿ ಬಾರ್ನಿಯೆ ಮನೆಗೆ ಹೋದರು, ಅವರನ್ನು ನೇಮಿಸಿದ್ದ ಅಧ್ಯಕ್ಷ ಮ್ಯಾಕ್ರಾನ್ ಅಲ್ಲೇ ಉಳಿದರು. ಜವಾಬು ಪ್ರಧಾನಿಯದು ಮಾತ್ರ. ಜರ್ಮನಿಯಲ್ಲಿ ಮುಂದಿನವರನ್ನು ಆರಿಸಿಯೇ ಈಗಿನವರನ್ನು ಇಳಿಸಬೇಕು, 1982ರಲ್ಲಿ ಶ್ಮಿಟ್ ಹೋಗಿ ಕೋಲ್ ಬಂದದ್ದು ಹಾಗೆ. ಚೀನಾದಲ್ಲಿ ಸಂವಿಧಾನದ ಪ್ರಕಾರ ಮಂತ್ರಿಮಂಡಲ ಸುಮಾರು 3000 ಸದಸ್ಯರ ಮಹಾಸಭೆಗೆ ಹೊಣೆ. ಆದರೆ ಆ ಸಭೆ ವರ್ಷಕ್ಕೊಮ್ಮೆ ಕೆಲವೇ ದಿನ ಸೇರುತ್ತದೆ, ಎದುರು ನಿಂತು ಸರ್ಕಾರ ಬೀಳಿಸುವ ಪಕ್ಷವೇ ಇಲ್ಲ. ಹೊಣೆ ಇದೆ, ಸವಾಲಿಲ್ಲ, ಹಾಗಾಗಿ ಜವಾಬೂ ಇಲ್ಲ.

1948ರ ನವೆಂಬರ್ 4ರಂದು ಸಂವಿಧಾನದ ಕರಡು ಮಂಡಿಸುವಾಗ ಅಂಬೇಡ್ಕರ್ ಅವರು ಇದನ್ನೇ ಬಿಡಿಸಿ ಹೇಳಿದ್ದರು. ಅಮೆರಿಕದ ಕ್ರಮದಲ್ಲಿ ಗಟ್ಟಿತನ ಜಾಸ್ತಿ, ಬ್ರಿಟನ್ನಿನ ಕ್ರಮದಲ್ಲಿ ಜವಾಬ್ದಾರಿ ಜಾಸ್ತಿ, ಎರಡೂ ಸಮವಾಗಿ ಸಿಗುವುದು ಕಷ್ಟ, ಕರಡು ಎರಡನೆಯದನ್ನು ಆರಿಸಿಕೊಂಡಿದೆ ಅಂತ. ಚುನಾವಣೆಯಲ್ಲಿ ಜನ ಲೆಕ್ಕ ಕೇಳುವುದು ಒಂದು. ಸದನದಲ್ಲಿ ಪ್ರಶ್ನೆ, ಗೊತ್ತುವಳಿ, ಅವಿಶ್ವಾಸ, ಚರ್ಚೆ ಇವುಗಳಿಂದ ದಿನಾ ಲೆಕ್ಕ ಕೇಳುವುದು ಇನ್ನೊಂದು. ನಮ್ಮ ಸದನಗಳಲ್ಲಿ ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಎದ್ದು ನಿಂತು ಬಾಯಿಂದ ಉತ್ತರಿಸಬೇಕು, ಅದರ ಬೆನ್ನಿಗೇ ಉಪಪ್ರಶ್ನೆ ಬೀಳುತ್ತದೆ. ಆ ಹುಡುಗಿಯ ಅಜ್ಜಿ ಹೇಳುವ "ಜವಾಬು ಚೆಪ್ಪು" ಇದೇ ಅಲ್ವಾ? ಪ್ರಶ್ನೋತ್ತರ ಕಲಾಪ ಗಲಾಟೆಯಲ್ಲಿ ಕೊಚ್ಚಿಹೋದ ದಿನ ನನಗೆ ಹೊಟ್ಟೆ ಉರಿಯುವುದೂ ಇದಕ್ಕೇ.

ಹಾಗಾಗಿ ನಾನು ಕ್ಲಾಸಿನಲ್ಲಿ "ಸಂಸದೀಯ ಪದ್ಧತಿ" ಅಂತ ಬರೆದು, ಕೆಳಗೆ "ಸದನಕ್ಕೆ ಜವಾಬು ಕೊಡುವ ಸರ್ಕಾರ" ಅಂತ ಬರೆಯಲು ಶುರು ಮಾಡಿದ್ದೇನೆ. ಸಹೋದ್ಯೋಗಿ ಒಬ್ಬರು "ಜವಾಬು ಹಳೇ ಮಾತು, ಉತ್ತರದಾಯಿ ಅಂತ ಹಾಕಿ" ಅನ್ನುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಜನ ಯಾವ ಪದ ಹಿಡಿದು ಹೋರಾಡಿದರೋ ಆ ಪದದ ಅರ್ಥ ಮಕ್ಕಳಿಗೆ ಸಿಗಬೇಕು.

ಕೇಳಬೇಕಾದ್ದು ಎರಡು. ಪಾವಗಡ, ಮಧುಗಿರಿ, ಬಾಗೇಪಲ್ಲಿ, ಮುಳಬಾಗಿಲು ಕಡೆಯವರು ಹೇಳಿ: ನಿಮ್ಮ ಮನೆಗಳಲ್ಲಿ ಕನ್ನಡ ಆಡುವಾಗ ಜವಾಬು ಅನ್ನುವುದನ್ನು ಉತ್ತರ ಅನ್ನುವ ಅರ್ಥದಲ್ಲಿ ಈಗಲೂ ಬಳಸುತ್ತೀರಾ, ಅಥವಾ ತೆಲುಗು ಆಡುವಾಗ ಮಾತ್ರವಾ? ಇನ್ನೊಂದು, ಮನೆಯಲ್ಲಿ 1947ರ ಚಳವಳಿ ಕಂಡ ಹಿರಿಯರು ಇದ್ದರೆ, ಅಥವಾ ಅವರ ಮಾತು ನಿಮಗೆ ನೆನಪಿದ್ದರೆ, "ಜವಾಬ್ದಾರಿ ಸರ್ಕಾರ" ಅಂದರೆ ಏನು ಅಂತ ಅವರು ಹೇಳುತ್ತಿದ್ದರು? ಅವರ ಮಾತಿನಲ್ಲೇ ಬರೆದು ಕಳಿಸಿ.